ಜೋಳದ ಚೀಲ ಹೊತ್ತ ಮಣ್ಣಿನ ಮಾಳಿಗೆ

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ರಾಣೆಬೆನ್ನೂರಿನ ನಮ್ಮ ಓಣಿಯವರು ಆಗಲೂ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ಅಪ್ಪನದು ಬೀಜ-ಗೊಬ್ಬರದ ಅಂಗಡಿ. ನಾನು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಓದುತ್ತೇನೆ ಎಂದಾಗ ಮನೆಯವರಿಗಿಂತ ಮೊದಲು ಅಂಗಡಿಯ ಗಿರಾಕಿಗಳು ನಕ್ಕರು. "ಗೌಂಡಿ ಕೆಲಸ ಕಲತು ಏನ್ ಮಾಡ್ತೀ ಅವ್ವೀ? ಗಂಡನ ಮನಿ ನೀನ ಕಟ್ಟಾಕಿಯೇನು?" ಎಂದು ಸೋದರಮಾವ ಚೇಷ್ಟೆ ಮಾಡಿದ. "ಮೊದಲ ನಿಮ್ಮ ಪಡಸಾಲಿ ಗ್ವಾಡಿ ಬಾಯಿ ಬಿಟ್ಟೈತಲ್ಲ ಮಾಮಾ, ಅದನ್ನ ಕಟ್ಟತೀನಿ" ಎಂದೆ. ಮುಂದಿನ ದೀಪಾವಳಿಯ ತನಕ ಮಾವ ನನ್ನ ಜೊತೆ ಮಾತು ಬಿಟ್ಟಿದ್ದ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸ್ಟೇಷನ್ ರಸ್ತೆಯಲ್ಲಿ ಒಂದು ಗೋದಾಮಿನ ಮೇಲೆ, ಓದು ಮುಗಿಸಿ ನಾನು ಸೇರಿದ್ದ ಸಂಸ್ಥೆಯ ಕಚೇರಿ ಇತ್ತು. ಕಚೇರಿ ಎಂದರೆ ಒಂದು ಕೋಣೆ, ಒಂದು ಟೇಬಲ್, ಮೂಲೆಯಲ್ಲಿ ಬಗೆಬಗೆಯ ಮಣ್ಣು ತುಂಬಿದ ಡಬ್ಬಿಗಳು. ಬಡವರಿಗೆ ಕಡಿಮೆ ಖರ್ಚಿನಲ್ಲಿ, ಸುತ್ತಮುತ್ತ ಸಿಗುವ ಮಣ್ಣು-ಕಲ್ಲಿನಲ್ಲೇ ಗಟ್ಟಿ ಮನೆ ಕಟ್ಟಬೇಕು ಎನ್ನುವುದು ನಮ್ಮ ಹುಚ್ಚು. ಇದೇ ಹುಚ್ಚು ಹಿಡಿದವರು ಜಗತ್ತಿನ ಎಲ್ಲೆಲ್ಲಿಂದಲೋ ನಮ್ಮಲ್ಲಿಗೆ ಬಂದು ಹೋಗುತ್ತಿದ್ದರು. ಒಬ್ಬ ಬಿದಿರಿನ ತಜ್ಞ, ಒಬ್ಬ ಸುಣ್ಣದ ತಜ್ಞ, ದಕ್ಷಿಣ ಅಮೆರಿಕದ ಯಾವುದೋ ಗುಡ್ಡದ ಮೇಲಿನ ಗುಡಿಸಲುಗಳಿಗೆ ಪಟ್ಟಾ ಕೊಡಿಸಿದ ಒಬ್ಬ ಹೆಣ್ಣುಮಗಳು. ಎಲ್ಲರೂ ಬಂದು ಗಿರ್ಮಿಟ್ಟು ತಿಂದು, ಮಿರ್ಚಿಗೆ ಕಣ್ಣೀರು ಹಾಕಿ, ನಮ್ಮ ಬೆನ್ನು ತಟ್ಟಿ ರೈಲು ಹತ್ತುತ್ತಿದ್ದರು. ಉಳಿದುಕೊಂಡವರು ಒಬ್ಬರೇ, ಈಜಿಪ್ಟಿನಿಂದ ಬಂದ ನಡುವಯಸ್ಸಿನ ಕಮಾನು ತಜ್ಞರು.

ಅವರ ಊರಿನಲ್ಲಿ ಮರ ಇಲ್ಲವಂತೆ, ಕಬ್ಬಿಣ ಕೊಳ್ಳುವ ತಾಕತ್ತೂ ಜನರಿಗೆ ಇಲ್ಲವಂತೆ. ಹಾಗಾಗಿ ತಲೆತಲಾಂತರದಿಂದ ಮಣ್ಣಿನ ಇಟ್ಟಿಗೆಯಲ್ಲೇ ಕಮಾನು ಹಾಕಿ ಚಾವಣಿ ಮಾಡುತ್ತಾರೆ. ಒಳ್ಳೆಯ ಮನುಷ್ಯ. ಕನ್ನಡದಲ್ಲಿ ಕಲಿತದ್ದು ಚೆನ್ನಾಗಿದೆ ಎನ್ನಲು "ಛಲೋ", ಬೇಗ ಎನ್ನಲು "ಲಗೂ", ಎರಡೇ ಮಾತು, ಅವೆರಡರಲ್ಲೇ ಇಡೀ ದಿನ ಕೆಲಸ ಮಾಡಿಸುತ್ತಿದ್ದರು. ಬ್ಯಾಡಗಿಗೆ ಕಾಲಿಟ್ಟರೆ ಮಾತ್ರ ಪಾಪ, ಸೀನು ಹತ್ತಿಕೊಳ್ಳುತ್ತಿತ್ತು. ನಮ್ಮ ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೇ ಹೊರತು ಖಾರಕ್ಕಲ್ಲ. ಆದರೂ ಪೇಟೆಯಲ್ಲಿ ಮೆಣಸಿನಕಾಯಿ ಗುಡ್ಡಗುಡ್ಡವಾಗಿ ಬಿದ್ದಿರುವಾಗ ಅದರ ಘಾಟು ಹೊರಗಿನವರನ್ನು ಬಿಡುವುದಿಲ್ಲ.

ನಾವು ಬ್ಯಾಡಗಿಗೆ ಹೋಗುತ್ತಿದ್ದದ್ದು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗಾಗಿ. ದಿನವಿಡೀ ರಾಶಿಯ ಮುಂದೆ ಕೂತು ತೊಟ್ಟು ಮುರಿಯುವುದು, ರಾತ್ರಿ ಅದೇ ಅಡತಿ ದಲಾಲರ ಅಂಗಡಿಗಳ ಕಟ್ಟೆಯ ಮೇಲೆ ಗಂಟುಮೂಟೆ ಇಟ್ಟುಕೊಂಡು ಮಲಗುವುದು. ಬೆಳಗಾದರೆ ಅಂಗಡಿಯವರು "ಏಳ್ರಿ, ಸರೀರಿ" ಎಂದು ಎಬ್ಬಿಸುತ್ತಿದ್ದರು. ಆ ಗುಂಪಿಗೆ ಹಿರಿಯಳು ಒಬ್ಬ ವಿಧವೆ. ಎಲ್ಲರೂ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ; ಆಕೆ ಮಾತ್ರ ನನ್ನನ್ನು ಗೌರವದಿಂದ "ಬಾಯಾರ" ಎನ್ನುತ್ತಿದ್ದಳು. ಆಕೆಗೂ ಒಂದು ಕಾಲಕ್ಕೆ ಹಳ್ಳಿಯಲ್ಲಿ ಮನೆ ಇತ್ತು, ಮಣ್ಣಿನ ಮಾಳಿಗೆಯದು, ಅಂದರೆ ಮಣ್ಣು ಹಾಸಿದ ಸಮತಟ್ಟು ಚಾವಣಿಯದು. ಒಂದು ಮಳೆಗಾಲ ಆ ಮಾಳಿಗೆ ನೀರು ಕುಡಿದು ಕುಡಿದು ಮಲಗಿದ್ದ ಗಂಡನ ಮೇಲೆ ಕುಸಿಯಿತು. ಗಂಡ ಹೋದ. ಜಾಗ ಇನ್ಯಾರದೋ ಹೆಸರಿನಲ್ಲಿತ್ತು, ಹದಿಮೂರನೆಯ ದಿನ ಕಳೆಯುವ ಮೊದಲೇ ಅವರು ಬಂದು ಬೇಲಿ ಹಾಕಿದರು. ಹಾಳಾದವರು! ಇದನ್ನು ಆಕೆ ತೊಟ್ಟು ಮುರಿಯುತ್ತಲೇ ನನಗೆ ಹೇಳಿದ್ದಳು, ಕೈ ಒಂದು ಗಳಿಗೆಯೂ ನಿಲ್ಲಿಸಿರಲಿಲ್ಲ.

"ನನಗೇನ್ ಬಂಗಾರ ಬ್ಯಾಡ್ರಿ ಬಾಯಾರ," ಎಂದಿದ್ದಳು ಕೊನೆಗೆ. "ಯಾರನ್ನರ ಒಮ್ಮೆ ನಮ್ಮ ಮನಿಗೆ ಬರ್ರಿ ಅಂತ ಕರೀಬೇಕು ಅನಸ್ತೈತಿ. ಅಂಗಡಿ ಕಟ್ಟಿ ಮ್ಯಾಲೆ ಬರ್ರಿ ಅಂತ ಕರ್ಯಾಕ ಬರತೈತೇನು?"

ನಾನು ಒಂದು ಹಿಡಿ ಕಾಯಿ ಎತ್ತಿಕೊಂಡು ತೊಟ್ಟು ಮುರಿಯತೊಡಗಿದೆ. "ಬಿಡ್ರಿ, ಕಾಯಿ ಕೆಡಸ್ತೀರಿ" ಎಂದು ಕಸಿದುಕೊಂಡಳು.

ಆ ಹೆಂಗಸರಿಗೆ ನೆಲ ಕೊಡಿಸಿದ್ದು ಹಾವೇರಿ ಕೋರ್ಟಿನ ಒಬ್ಬ ವಕೀಲರು. ಕರಿ ಕೋಟು ಬೂದು ಬಣ್ಣಕ್ಕೆ ತಿರುಗಿದ್ದರೂ ಹೊಸದು ಹೊಲಿಸಿಕೊಳ್ಳದ ಮನುಷ್ಯ. ಬಡವರ ಭೂಮಿಯ ಹಕ್ಕು ಎಂದರೆ ಊಟ ಬಿಟ್ಟು ಓಡುತ್ತಿದ್ದರು. ಎಷ್ಟೋ ವರ್ಷ ಕಚೇರಿಗಳ ಮೆಟ್ಟಿಲು ಸವೆಸಿ, ಪೇಟೆಯ ಹಿಂದಿನ ಸರ್ಕಾರಿ ಜಾಗದಲ್ಲಿ ಅವರಿಗೆ ಸಾಲು ನಿವೇಶನ ಮಂಜೂರು ಮಾಡಿಸಿದರು. ಅದೂ ಹೆಂಗಸರ ಹೆಸರಿನಲ್ಲೇ. ಆದರೆ ಒಂದು ಷರತ್ತಿತ್ತು. ವರ್ಷದೊಳಗೆ ಅಲ್ಲಿ ಪಕ್ಕಾ ಮನೆ ಎದ್ದಿರಬೇಕು, ಇಲ್ಲದಿದ್ದರೆ ಜಾಗ ವಾಪಸು. ಸಿಮೆಂಟು-ಕಬ್ಬಿಣದ ಚಾವಣಿ ಹಾಕುವ ಶಕ್ತಿ ಅವರಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಮಣ್ಣಿನ ಕಮಾನು ಪಕ್ಕಾ ಎಂದು ಜಿಲ್ಲೆಯ ದೊಡ್ಡ ಇಂಜಿನಿಯರ್ ಒಪ್ಪಿದರೆ ಮಾತ್ರ ಉಳಿಗಾಲ.

"ನೆಲಾ ನಾ ಕೊಡಿಸೀನಿ ತಂಗಿ," ಎಂದರು ವಕೀಲರು. "ಉಳಿಸ್ಕೊಳ್ಳೂದು ನಿನ್ನ ಕೈಯಾಗ ಐತಿ."

ಮೊದಲ ಮನೆ ದೊಡ್ಡವ್ವನದೇ ಎಂದು ಹೆಂಗಸರೇ ತೀರ್ಮಾನಿಸಿದರು. ಕರಿ ಮಣ್ಣು ಬಿರಿಯುತ್ತದೆ, ಬುನಾದಿಗೂ ಆಗದು ಗೋಡೆಗೂ ಆಗದು. ದಿಬ್ಬದ ಕಡೆಯಿಂದ ಕೆಂಪು ಮಣ್ಣು ತಂದೆವು. ಜರಡಿ ಹಿಡಿದು, ಚೂರು ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡಿದೆವು. ಯಂತ್ರದ ಹಿಡಿಕೆಗೆ ಇಬ್ಬಿಬ್ಬರು ಹೆಂಗಸರು ಜೋತುಬಿದ್ದು ಒತ್ತುವಾಗ ಆಗುತ್ತಿದ್ದ ಗದ್ದಲ, ನಗೆ, ಬೈಗುಳ ಪೇಟೆಯ ತನಕ ಕೇಳುತ್ತಿತ್ತು.

ಕಮಾನು ಏರಿತು. ಈಜಿಪ್ಟಿನವರು ಅದನ್ನು ಹಾಗೆಯೇ ದುಂಡಗೆ ಬಿಡಬೇಕೆಂದಿದ್ದರು. ಹೆಂಗಸರು ಬಿಲ್‌ಕುಲ್ ಒಪ್ಪಲಿಲ್ಲ. "ಮ್ಯಾಲೆ ಕಾಯಿ ಎಲ್ಲಿ ಒಣಗಸೂದ್ರಿ? ಉರುಳಿ ಗಟಾರಕ್ಕ ಬೀಳ್ತಾವ!" ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕಡೆಗೆ ಒಳಗಿನಿಂದ ಕಮಾನು, ಮೇಲೆ ಮಣ್ಣು ತುಂಬಿ, ಸುಣ್ಣ ಬಡಿದು ಸಮತಟ್ಟು ಎಂದು ರಾಜಿಯಾಯಿತು. ಅವರು ಸುತ್ತು ಹಾಕಿ ನೋಡಿ "ಛಲೋ" ಎಂದರು. ನಾನು ಭಾರದ ಲೆಕ್ಕವನ್ನು ಮೊದಲಿನಿಂದ ಮಾಡಲು ಕೂತೆ.

ದೊಡ್ಡ ಇಂಜಿನಿಯರ್ ಬರುವ ದಿನ ಬಂತು. ಆಗ ನಮ್ಮ ಕಡೆಗೆಲ್ಲ ಧಾರವಾಡವೇ ಜಿಲ್ಲೆ. ಅಲ್ಲಿಗೆ ಹೊಸದಾಗಿ ವರ್ಗವಾಗಿ ಬಂದ ಮೈಸೂರು ಕಡೆಯವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಿರಿಮಿರಿ ಬೂಟು. ಜೀಪಿನಿಂದ ಇಳಿದವರೇ ಸೀನಿದರು. ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಮನೆಯ ಸುತ್ತ ಒಂದು ಸುತ್ತು ಬಂದರು.

"ಮಣ್ಣು! ಚಾವಣೀನೂ ಮಣ್ಣೇ! ಏನ್ರಮ್ಮಾ ಇದು, ಜನ ಇರೋ ಮನೇನಾ, ಹುತ್ತಾನಾ?"

ನನ್ನ ಬಾಯಿಗೆ ಬಂದ ಮಾತು ಹೊರಗೆ ಬೀಳುವ ಮೊದಲೇ ವಕೀಲರು ನನ್ನ ಕಾಲು ತುಳಿದರು. ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. "ಭಾರ ಹೇರಿ ನೋಡ್ರಿ ಸಾಹೇಬ್ರ," ಎಂದರು ವಕೀಲರು ಮೆತ್ತಗೆ. "ತಡೀಲಿಲ್ಲಂದ್ರ ನಾವ ಕೆಡವ್ತೀವಿ."

ಭಾರ ಹೇರಲು ಉಸುಕಿನ ಚೀಲ ತರಿಸುವುದು ಎಂದು ತೀರ್ಮಾನವಾಗಿತ್ತು. ಉಸುಕಿನ ಲಾರಿ ಮಾತ್ರ ಬರಲೇ ಇಲ್ಲ. ಮೋಟೆಬೆನ್ನೂರಿನ ಹತ್ತಿರ ಕೆಟ್ಟು ನಿಂತಿದೆ ಎಂದು ಸೈಕಲ್ ಮೇಲೆ ಬಂದವನೊಬ್ಬ ಸುದ್ದಿ ಹೇಳಿದ. ಸಾಹೇಬರು ಗಡಿಯಾರ ನೋಡಿಕೊಂಡರು. ಹಾವೇರಿಯಲ್ಲಿ ಸಂಜೆಯ ಮೀಟಿಂಗು. ಇವತ್ತು ಆಗದಿದ್ದರೆ ಇನ್ನು ಯಾವಾಗಲೋ, ಅಷ್ಟರಲ್ಲಿ ನಮ್ಮ ಗಡುವು ಮುಗಿದು ಹೋಗುತ್ತಿತ್ತು.  ಆಗ ಸಾಹೇಬರ ಕಣ್ಣು ಎದುರಿನ ಅಡತಿ ಅಂಗಡಿಯ ಅಂಗಳದಲ್ಲಿ ಒಟ್ಟಿದ್ದ ಮೆಣಸಿನಕಾಯಿ ಚೀಲಗಳ ಮೇಲೆ ಬಿತ್ತು.

"ಅಷ್ಟು ದೊಡ್ಡ ದೊಡ್ಡ ಮೂಟೆ ಇವೆಯಲ್ಲ! ಅವನ್ನೇ ಹೇರ್ಸಿ. ಚಾವಣಿ ತುಂಬ ಒಟ್ಸಿ. ಅದು ತಡೆದ್ರೆ ನಾನು ಸಹಿ ಹಾಕ್ತೀನಿ."

ಅಯ್ಯೋ ದೇವರೇ! ಅಲ್ಲಿ ನಿಂತಿದ್ದ ಎಲ್ಲರ ಮುಖವೂ ಒಂದೇ ಥರ ಆಯಿತು. ಬ್ಯಾಡಗಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಮೆಣಸಿನಕಾಯಿ ಚೀಲ ನೋಡಲಿಕ್ಕೆ ಆನೆಮರಿ, ಒಳಗೆ ಬರೀ ಗಾಳಿ. ಒಣಗಿದ ಕಾಯಿ, ಎಷ್ಟು ತುಳಿದು ತುಂಬಿದರೂ ಜೋಳದ ಚೀಲದ ಅರ್ಧ ಭಾರವೂ ತೂಗದು. ಭಾರ ಏರಿಸಲು ಕರೆಸಿದ್ದ ಪೇಟೆಯ ಹಮಾಲರು ಮುಖ ತಿರುಗಿಸಿಕೊಂಡು ಮೀಸೆಯಲ್ಲಿ ನಕ್ಕರು. ವಕೀಲರು ಆಕಾಶ ನೋಡತೊಡಗಿದರು. ನಾನು ಮಾತ್ರ ಗಂಭೀರವಾಗಿ "ಆಗಲಿ ಸರ್" ಎಂದೆ. ಇವತ್ತಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ. ತಾನಾಗಿಯೇ ನಡೆದು ಬಂದ ಅದೃಷ್ಟವನ್ನು ಬಾಗಿಲಲ್ಲಿ ನಿಲ್ಲಿಸಿ ಜಾತಕ ಕೇಳಬಾರದು.

ಹಮಾಲರು ಹಲಗೆಯ ಇಳಿಜಾರು ಕಟ್ಟಿ ಚೀಲ ಏರಿಸತೊಡಗಿದರು. ಬೇಕೆಂದೇ "ಉಸ್ಸ್, ಎಪ್ಪಾ, ಸತ್ತೆ" ಎಂದು ನರಳಿದರು. ಎಂಥ ನಾಟಕ ಅಂತೀರಿ! ಚಾವಣಿಯ ಮೇಲೆ ಕೆಂಪು ಚೀಲಗಳ ಕೋಟೆಯೇ ಎದ್ದಿತು. ಸಾಹೇಬರು ತಲೆ ಎತ್ತಿ ನೋಡಿ "ಭಲೇ!" ಎಂದರು, ಜೇಬಿನಿಂದ ಪೆನ್ನು ತೆಗೆದರು.

"ತಡೀರಿ ಸಾಹೇಬ್ರ."

ದೊಡ್ಡವ್ವ. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮುಂದೆ ಬಂದಳು.  ನಾನು ಓಡಿ ಹೋಗಿ ರಟ್ಟೆ ಹಿಡಿದು ಗೋಡೆಯ ಮರೆಗೆ ಎಳೆದೆ.

"ಏನ್ ಮಾಡಾಕತ್ತೀರಿ? ಬಾಯಿ ಮುಚ್ಕೊಂಡು ನಿಂದರ್ರಿ. ಪೆನ್ ಹೊರಗ ಬಂದೈತಿ, ನೋಡ್ರಿಲ್ಲೆ!"

"ಅವು ಹಗರ ಚೀಲ ಅದಾವ್ರಿ ಬಾಯಾರ."

"ನನಗ ಗೊತ್ತಿಲ್ಲೇನು? ಇಡೀ ಬ್ಯಾಡಗಿಗೆ ಗೊತ್ತೈತಿ! ಆತಗ ಗೊತ್ತಾಗೂದು ಬ್ಯಾಡ."

"ಸಹಿ ಮಾಡಿ ಆತ ಹೋಗ್ತಾನ. ಆ ಮಾಳಿಗಿ ಬುಡಕ ಮಕ್ಕೊಳ್ಳಾಕಿ ನಾ." ಆಕೆಯ ದನಿ ಏರಲಿಲ್ಲ. "ಒಂದ್ ಮಾಳಿಗಿ ನನ್ನ ಗಂಡನ್ನ ತಿಂದೈತಿ. ಆ ಮನಿಯಾಗೂ ಎಲ್ಲಾರೂ ಏನಾಗೂದಿಲ್ಲ, ತಡೀತೈತಿ ಅಂತಿದ್ರು. ಇದು ತಡೀತೈತೋ ಇಲ್ಲೋ ನನಗ ಗೊತ್ತಾಗಬೇಕು. ನಿಮಗ ನಿಮ್ಮ ಲೆಕ್ಕದ ಮ್ಯಾಲೆ ನಂಬಿಗಿಲ್ಲೇನು?"

ಆ ಕೊನೆಯ ಮಾತು! ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. "ಐತಿ!" ಎಂದು ಕಿರುಚಿದೆ. "ನನ್ನ ಲೆಕ್ಕಾ ಖರೇ ಐತಿ!"

"ಮತ್ತ್ಯಾಕ ಅಂಜ್ತೀರಿ?" ಎಂದು ಕೈ ಬಿಡಿಸಿಕೊಂಡು ಹೋದಳು. ಸಾಹೇಬರ ಎದುರು ನಿಂತು, "ಸಾಹೇಬ್ರ, ಮೆಣಸಿನಕಾಯಿ ಚೀಲದಾಗ ಭಾರ ಇರೂದಿಲ್ರಿ. ಜೋಳದ ಚೀಲ ಹೇರಸ್ರಿ" ಎಂದಳು.

ಸಾಹೇಬರಿಗೆ ಮೊದಲು ಅರ್ಥವಾಗಲಿಲ್ಲ. ಕೆಳಗೆ ಉಳಿದಿದ್ದ ಒಂದು ಚೀಲದ ಕಿವಿ ಹಿಡಿದು ಎಳೆದರು, ಅದು ಸಲೀಸಾಗಿ ಜಾರಿಬಂತು. ಅವರ ಮುಖ ಡಬ್ಬಿ ಮೆಣಸಿನಕಾಯಿಯ ಕಡುಗೆಂಪು ಬಣ್ಣಕ್ಕೆ ತಿರುಗಿತು. ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ದುರುಗುಟ್ಟಿ ನೋಡಿದರು. ಕೂಗಾಡುತ್ತಾರೆ, ಜೀಪು ಹತ್ತುತ್ತಾರೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವರು ಪೆನ್ನು ಜೇಬಿಗೆ ಸೇರಿಸಿ ದೊಡ್ಡವ್ವನನ್ನು ಕೇಳಿದರು. "ಬಿದ್ದುಹೋದ್ರೆ ನಿಮ್ಮ ಜಾಗ ಹೋಗುತ್ತೆ ಅಂತ ಗೊತ್ತಾ ಅಜ್ಜಿ?"

"ಗೊತ್ತೈತ್ರಿ."

ಜೋಳ ಇದ್ದದ್ದು ಅದೇ ಅಡತಿಯವನ ಗೋದಾಮಿನಲ್ಲಿ. ಅವನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಮಾಳಿಗಿ ಕುಸದ್ರ ನನ್ನ ಮಾಲಿಗೆ ಯಾರ್ ಹೊಣಿ?"

"ನಾ ಒಳಗ ಇರ್ತೀನಲ್ಲೋ ಯಪ್ಪಾ," ಎಂದಳು ದೊಡ್ಡವ್ವ. "ಬಿದ್ರ ನನ್ನ ಮ್ಯಾಲ ಮೆತ್ತಗ ಬೀಳ್ತಾವ. ಜೋಳಕ್ಕೇನೂ ಆಗೂದಿಲ್ಲ."

ಹಮಾಲರು ಹೋ ಎಂದು ನಕ್ಕರು, ಅಡತಿಯವನು ನಾಚಿ ಗೋದಾಮಿನ ಕೀಲಿ ಕೊಟ್ಟ. ಆದರೆ ಆಕೆ ಹೇಳಿದ್ದು ತಮಾಷೆಗಲ್ಲ. ಒಂದು ಬೋಗುಣಿ, ನೀರಿನ ತಂಬಿಗೆ, ಒಂದಿಷ್ಟು ಹತ್ತಿ ಕಟ್ಟಿಗೆ ಕಂಕುಳಲ್ಲಿ ಇರುಕಿಕೊಂಡು ಸೀದಾ ಮನೆಯೊಳಗೆ ಹೋಗಿ ಕೂತುಬಿಟ್ಟಳು. ನಾನು ಬಾಗಿಲಲ್ಲಿ ನಿಂತು ಬೈದೆ, ಗೋಗರೆದೆ. ಭಾರ ಹೇರುವಾಗ ಕೆಳಗೆ ಒಂದು ನಾಯಿಯೂ ಇರಕೂಡದು ಎನ್ನುವುದು ನಿಯಮ. "ನಿಯಮಾ ನೀವು ಹೊರಗ ಪಾಲಿಸ್ರಿ," ಎಂದಳು. ಈಜಿಪ್ಟಿನವರು ನನ್ನ ಮುಖ ನೋಡಿದರು, ಆಕೆಯ ಮುಖ ನೋಡಿದರು. ಒಂದು ಮಾತೂ ಅರ್ಥವಾಗಿರಲಿಕ್ಕಿಲ್ಲ. ಆದರೂ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಆಕೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. "ಲಗೂ," ಎಂದರು ನನಗೆ.

ಮೆಣಸಿನಕಾಯಿ ಇಳಿಯಿತು. ಜೋಳ ಏರತೊಡಗಿತು. ಈಗ ಹಮಾಲರು ನರಳಲಿಲ್ಲ. ಬಾಯಿ ಕಟ್ಟಿ, ಹೆಜ್ಜೆ ನೋಡಿ ನೋಡಿ ಇಡುತ್ತಿದ್ದರು, ಹಲಗೆ ಬಗ್ಗುತ್ತಿತ್ತು. ನಾನು ಹೊರಗೆ ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ಕಮಾನಿನ ಮೇಲೆ ಭಾರ ಬಿದ್ದರೆ ಅದು ಪಕ್ಕದ ಗೋಡೆಯನ್ನು ಹೊರಗೆ ತಳ್ಳುತ್ತದೆ. ಗೋಡೆ ಜರುಗಿದರೆ ಹೊರಗೆ ನೆಟ್ಟ ಕಂಬದಿಂದ ಇಳಿಬಿಟ್ಟ ತೂಗುಗುಂಡಿನ ದಾರ ಗೋಡೆಗೆ ಅಂಟುತ್ತದೆ. ದಾರಕ್ಕೂ ಗೋಡೆಗೂ ನಡುವೆ ಒಂದು ಬೆರಳಿನ ಸಂದು ಬಿಟ್ಟಿದ್ದೆ. ಆ ಸಂದನ್ನು ನೋಡುತ್ತಾ ನೋಡುತ್ತಾ ಕಣ್ಣಲ್ಲಿ ನೀರು ಬಂತು, ಕಣ್ಣು ಮಿಟುಕಿಸಲೂ ಹೆದರಿಕೆ. ಲೆಕ್ಕ ಸರಿ ಇದೆ, ಸರಿ ಇದೆ ಎಂದು ಮನಸ್ಸಿನಲ್ಲೇ ಬಡಬಡಿಸುತ್ತಿದ್ದೆ. ಒಂದು ಸುತ್ತು ತುಂಬಿ, ಅದರ ಮೇಲೆ ಎರಡನೆಯ ಸುತ್ತು ಶುರುವಾಯಿತು.

ಆಗ ಒಳಗಿನಿಂದ ಫಟ್ಟೆಂದು ಸದ್ದಾಯಿತು.

ಮೇಲಿದ್ದ ಹಮಾಲರು ಇದ್ದಲ್ಲೇ ಕಲ್ಲಾದರು. ಒಬ್ಬನ ಬೆನ್ನ ಮೇಲೆ ಚೀಲ ಹಾಗೆಯೇ ಉಳಿಯಿತು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ದೊಡ್ಡವ್ವಾ!" ಎಂದು ನಾನು ಚೀರಿದ್ದು ನನಗೇ ಗುರುತು ಸಿಗದ ದನಿಯಲ್ಲಿ.

"ಯಾಕ ಒದರತೀರಿ?" ಒಳಗಿನಿಂದ ಉತ್ತರ ಬಂತು. "ಒಲಿಗೆ ಕಟ್ಟಿಗಿ ಮುರದ್ನಿ."

ಆಮೇಲೆ ಬಂದ ನಗೆ ಎಂಥದೆಂದು ಹೇಗೆ ಹೇಳಲಿ! ಹಮಾಲರು, ಹೆಂಗಸರು, ವಕೀಲರು, ಮಾಲಿನ ಚಿಂತೆಯಲ್ಲಿದ್ದ ಅಡತಿಯವನೂ ನಕ್ಕ. ಗೋಡೆಯ ಬೆಳಕಿಂಡಿಯಿಂದ ಹೊಗೆ ಏಳತೊಡಗಿತು. ಹೊಗೆಯ ಹಿಂದೆಯೇ ಬೆಲ್ಲದ ಚಹದ ವಾಸನೆ. ಎರಡನೆಯ ಸುತ್ತು ತುಂಬಿತು. ಕಡೆಯ ಚೀಲ ಇಟ್ಟ ಹಮಾಲ ಅದರ ಮೇಲೆಯೇ ಕೂತು ಬೀಡಿ ಹಚ್ಚಿದ. ನಾನು ದಾರದ ಸಂದಿಗೆ ಬೆರಳು ಹಾಕಿ ನೋಡಿದೆ. ಮೊದಲು ಹೇಗಿತ್ತೋ ಹಾಗೆಯೇ ಇತ್ತು. ಇನ್ನೊಮ್ಮೆ ಹಾಕಿದೆ, ಮತ್ತೊಮ್ಮೆ ಹಾಕಿದೆ. ಗೋಡೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ನನ್ನ ಮಣ್ಣು, ನನ್ನ ಲೆಕ್ಕ! ಆ ಹೊತ್ತು ಸೋದರಮಾವ ಅಲ್ಲಿ ಇರಬೇಕಿತ್ತು ಎಂದು ಎಷ್ಟು ಅನಿಸಿತೋ.

ಸಾಹೇಬರು ಬಾಗಿಲಿನ ಎದುರಿಗೆ ಬಂದು, ಚಾವಣಿಯ ಮೇಲಿನ ಚೀಲಗಳನ್ನು ನೋಡುತ್ತಾ ಹೊರಗೇ ನಿಂತರು. ಪೆನ್ನು ಇನ್ನೂ ಜೇಬಿನಲ್ಲೇ ಇತ್ತು.

ದೊಡ್ಡವ್ವ ಹೊಸ್ತಿಲ ಒಳಗೆ ಬಂದು ನಿಂತಳು. ಸೊಂಟದ ಸೆರಗು ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡಳು.

"ಬರ್ರಿ ಸಾಹೇಬ್ರ," ಎಂದಳು. "ನಮ್ಮ ಮನಿಗೆ ಬರ್ರಿ. ಚಾ ಆಗೈತಿ."

 "ಇಲ್ಲ ಅಜ್ಜಿ, ನನಗೆ ಮೀಟಿಂಗ್ ಇದೆ" ಎಂದರು ಸಾಹೇಬರು. ಕಣ್ಣು ಮಾತ್ರ ಮೇಲೆಯೇ ಇತ್ತು.

"ಮನಿ ಬಾಗಲಿಗೆ ಬಂದವ್ರನ್ನ ಹಂಗ ಕಳಸೂದು ಹ್ಯಾಂಗ್ರಿ? ಇಷ್ಟ ವರ್ಷ ಮನಿ ಇದ್ದಿದ್ದಿಲ್ಲ, ಯಾರನ್ನೂ ಕರದಿದ್ದಿಲ್ಲ. ನೀವ ಮೊದಲನೇದವ್ರು. ಒಲ್ಲೆ ಅನಬ್ಯಾಡ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. ನಾನು ದಾರ ಹಿಡಿದುಕೊಂಡು ನಿಂತಿದ್ದೆ. ಏನು ಮುಖ ಮಾಡಿಕೊಂಡಿದ್ದೆನೋ ಗೊತ್ತಿಲ್ಲ. ಅವರು ಉಸಿರು ಬಿಟ್ಟರು, ಬಗ್ಗಿದರು, ಬೂಟಿನ ಲೇಸು ಬಿಚ್ಚಿದರು. ತಂಬಿಗೆಯ ನೀರಿನಿಂದ ಕಾಲು ತೊಳೆದು, ತಲೆ ತಗ್ಗಿಸಿ, ಅಷ್ಟೂ ಜೋಳದ ಕೆಳಗೆ ಒಳಗೆ ಹೋದರು. ಹೆಂಗಸರು ಕೇಕೆ ಹಾಕಿದರು. ವಕೀಲರು ಆ ಬೂದು ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡು, "ಘಾಟು ಭಾಳ ಐತಿ ಇವತ್ತ" ಎಂದು ಯಾರಿಗೋ ಹೇಳಿದರು. ಕಾಗದದ ಮೇಲೆ ಸಹಿ ಬಿದ್ದದ್ದು ಆಮೇಲೆ, ಚಹ ಮುಗಿದ ಮೇಲೆ, ದೊಡ್ಡವ್ವನ ನೆಲದ ಮೇಲೆ ಕೂತೇ. ಮಳೆಗಾಲದ ಹೊತ್ತಿಗೆ ಇಡೀ ಸಾಲು ಎದ್ದು ನಿಂತಿತು, ಮುಂದಿನ ಸುಗ್ಗಿಗೆ ಅಷ್ಟೂ ಮಾಳಿಗೆಗಳ ಮೇಲೆ ಕಾಯಿ ಒಣಗಿದವು.

ಆದರೆ ಅವತ್ತು ನಾನು ಇನ್ನೂ ಹೊರಗೇ ಇದ್ದೆ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಿದ್ದೆ. ದಾರ ಕೈಯಲ್ಲೇ ಸುತ್ತಿಕೊಂಡಿತ್ತು. ಒಳಗಿನಿಂದ ಬಟ್ಟಲುಗಳ ಸದ್ದು, ಸಾಹೇಬರು ಸೀನುವುದು, ಈಜಿಪ್ಟಿನವರು "ಛಲೋ, ಛಲೋ" ಎನ್ನುವುದು ಎಲ್ಲ ಕೇಳುತ್ತಿತ್ತು. ದೊಡ್ಡವ್ವ ಬಾಗಿಲಿನಿಂದ ತಲೆ ಹೊರಗೆ ಹಾಕಿದಳು.

"ಇಲ್ಲ್ಯಾಕ ಕುಂತೀರಿ? ನಿಮ್ಮನ್ನ ಬ್ಯಾರೆ ಕರೀಬೇಕೇನು?"

"ಹೂಂ," ಎಂದೆ ನಾನು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಅಳುವೂ ಬರುತ್ತಿತ್ತು. "ಕರೀರಿ. ನನ್ನನ್ನೂ ಕರೀರಿ."

ಆಕೆ ಹೊಸ್ತಿಲಿಗೆ ಬಂದು ನಿಂತಳು. ಜಾರಿದ ಸೆರಗನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡಳು.

"ಬಾ ಮಗಳ," ಎಂದಳು. "ನಮ್ಮ ಮನಿಗೆ ಬಾ."